ಶಿವಮೊಗ್ಗದಲ್ಲಿ ಹೈಲೈಟ್ಸ್ ಮಾಡಿಸಬಹುದಾ? ಮದುವೆಗೆ ಐದು ವಾರ ಇದೆ, ತಲೆಯಲ್ಲಿ ಕಪ್ಪು ಮೆಹಂದಿ ಇದೆ

ಕೊಟ್ಟೆಕಡುಬು

ನಮಸ್ಕಾರ. ಚಿಕ್ಕಮ್ಮನ ಮಗಳ ಮದುವೆ ಇನ್ನು ಐದು ವಾರಕ್ಕೆ, ತೀರ್ಥಹಳ್ಳಿಯಲ್ಲಿ. ಅಷ್ಟರೊಳಗೆ ತಲೆಗೆ ಹೈಲೈಟ್ಸ್, ಅಂದರೆ ಅಲ್ಲಲ್ಲಿ ಕೆಲವು ಎಳೆಗೆ ಮಾತ್ರ ತಿಳಿ ಬಣ್ಣ, ಮಾಡಿಸಬೇಕು ಅಂತ ಆಸೆ. ಜೋರು ಬಣ್ಣ ಬೇಡ. ಅಡಿಕೆ ಬೇಯಿಸಿದ ಚೊಗರು ಇರುತ್ತದಲ್ಲ, ಅದಕ್ಕೆ ನೀರು ಬೆರೆಸಿ ತಿಳಿ ಮಾಡಿದರೆ ಯಾವ ಬಣ್ಣ ಬರುತ್ತದೋ ಅದು. ಬಿಸಿಲಿಗೆ ಬಂದರೆ ಕಾಣಬೇಕು, ಅಡುಗೆಮನೆಯಲ್ಲಿ ಅಜ್ಜಿಯ ಕಣ್ಣಿಗೆ ಬೀಳಬಾರದು.

ಈಗ ಹಳೆಯ ಕಥೆ. ಎರಡು ವರ್ಷದ ಹಿಂದೆ ಒಂದು ಪಾರ್ಲರಿನಲ್ಲಿ ಹೈಲೈಟ್ಸ್ ಮಾಡಿಸಿದ್ದೆ. ಕುರ್ಚಿಯಲ್ಲಿ ಕೂರಿಸಿದರು, ಶೇಡ್ ಕಾರ್ಡ್ ಕೈಗೆ ಕೊಟ್ಟರು, ನಾನು ಜೇನುತುಪ್ಪದ ಬಣ್ಣದ ಒಂದು ಕುಚ್ಚು ತೋರಿಸಿದೆ. ಅಷ್ಟೇ ಮಾತು. ಎರಡು ಗಂಟೆ ಆದಮೇಲೆ ಕನ್ನಡಿ ನೋಡಿದರೆ ಹುಲಿವೇಷ! ಕಿತ್ತಳೆ ಪಟ್ಟೆ, ಕಪ್ಪು ಪಟ್ಟೆ, ಮತ್ತೆ ಕಿತ್ತಳೆ ಪಟ್ಟೆ. ಕೇಳಿದರೆ "ಎರಡು ಸಲ ತೊಳೆದರೆ ಸೆಟ್ ಆಗುತ್ತೆ ಮೇಡಂ" ಅಂದರು. ಆಗಲಿಲ್ಲ. ಒಂದು ವಾರ ತಲೆಗೆ ವೇಲ್ ಸುತ್ತಿಕೊಂಡು ಓಡಾಡಿದೆ, ಕೊನೆಗೆ ಅಮ್ಮನೇ ಅಂಗಡಿಯಿಂದ ಕಪ್ಪು ಮೆಹಂದಿ ಪ್ಯಾಕೆಟ್ ತಂದು ಹಚ್ಚಿ ಎಲ್ಲ ಮುಚ್ಚಿದರು. ಆಮೇಲೆ ಅದೇ ಅಭ್ಯಾಸ ಆಗಿಬಿಟ್ಟಿತು, ಮೂರು ತಿಂಗಳಿಗೊಂದು ಸಲ ಹಚ್ಚುತ್ತಿದ್ದೆ. ಕೊನೆಯ ಸಲ ಹಚ್ಚಿದ್ದು ನಾಲ್ಕು ತಿಂಗಳ ಹಿಂದೆ. ಕೂದಲು ಸೊಂಟದವರೆಗೆ ಇದೆ.

ಈ ಸಲ ಮೋಸ ಹೋಗಬಾರದು. ಶಿವಮೊಗ್ಗದಲ್ಲೇ ಸರಿಯಾಗಿ ಮಾಡುವವರು ಸಿಗುತ್ತಾರಾ, ಇಲ್ಲ ಬೆಂಗಳೂರಿಗೇ ಹೋಗಬೇಕಾ? ಹೋದಮೇಲೆ ಏನಂತ ಕೇಳಬೇಕು? ಒಳ್ಳೆಯವರೋ ಅಲ್ಲವೋ ಅಂತ ಕುರ್ಚಿಯಲ್ಲಿ ಕೂರುವ ಮುಂಚೆ ಹೇಗೆ ತಿಳಿಯುವುದು?

ಗಾಂಧಿಬಜಾರ್_ಗಿರಾಕಿ

ಸುಮ್ನೆ ಬೆಳಗಿನ ಜನಶತಾಬ್ದಿ ಹತ್ತಿ ಬೆಂಗಳೂರಿಗೆ ಹೋಗಿ. ಇಲ್ಲಿ ಎಲ್ಲರಿಗೂ ಒಂದೇ ಕಿತ್ತಳೆ.

ಫಾಯಿಲ್_ಅಕ್ಕ

ಮೇಲಿನವರ ಮಾತು ಒಪ್ಪುವುದಿಲ್ಲ. ನಾನು ಬೆಂಗಳೂರಿನ ಸಲೂನ್‌ಗಳಲ್ಲಿ ಎಂಟು ವರ್ಷ ಬರೀ ಕಲರ್ ಕೆಲಸ ಮಾಡಿದವಳು. ಈಗ ಮಗು ಸಣ್ಣದು ಅಂತ ಊರಲ್ಲಿದ್ದೇನೆ, ಯಾವ ಅಂಗಡಿಯವಳೂ ಅಲ್ಲ. ಅಲ್ಲಿ ಹಾಳಾದ ತಲೆಗಳನ್ನೂ ಬೇಕಾದಷ್ಟು ನೋಡಿದ್ದೇನೆ. ಊರಿಗಿಂತ ಕೈ ಮುಖ್ಯ. ಅಂಗಡಿ ಹೆಸರು ನಾನು ಹೇಳುವುದಿಲ್ಲ, ಯಾಕೆಂದರೆ ಈ ಕೆಲಸದಲ್ಲಿ ಹುಡುಗರು, ಹುಡುಗಿಯರು ವರ್ಷಕ್ಕೊಂದು ಕಡೆ ಹೋಗುತ್ತಾರೆ, ಇವತ್ತು ದುರ್ಗಿಗುಡಿಯಲ್ಲಿ ಇದ್ದವರು ನಾಳೆ ಸವಳಂಗ ರಸ್ತೆಯಲ್ಲಿ ಇರುತ್ತಾರೆ. ಬೋರ್ಡ್ ಮಾತ್ರ ಅಲ್ಲೇ ಉಳಿಯುತ್ತದೆ.

ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ತಲೆಯಲ್ಲಿ ಈಗ ಒಂದು ಥರದ ಕೂದಲಿಲ್ಲ, ಮೂರು ಥರ ಇದೆ. ಕೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ನಾಲ್ಕು ತಿಂಗಳಿಂದ ಏನೂ ಹಚ್ಚಿಲ್ಲ ಅಂದರೆ ಬುಡದ 5 ಸೆಂಟಿಮೀಟರ್ ಮಾತ್ರ ದೇವರು ಕೊಟ್ಟ ಕೂದಲು. ಅಲ್ಲಿಂದ ಸುಮಾರು 30 ಸೆಂಟಿಮೀಟರ್‌ವರೆಗೆ ಮೆಹಂದಿ ಹಚ್ಚಿದ ಕೂದಲು. ಅದರ ಕೆಳಗೆ ಎರಡು ವರ್ಷ ಹಿಂದಿನದ್ದು, ಅಂದರೆ ಆ ಹುಲಿವೇಷ ಇನ್ನೂ ಅಲ್ಲೇ ಇದೆ, ಮೇಲೆ ಕಪ್ಪು ಬಳಿದಿದ್ದೀರಿ ಅಷ್ಟೇ. ಸೊಂಟದ ಹತ್ತಿರದ ತುದಿಗೆ ನಾಲ್ಕೈದು ವರ್ಷ ವಯಸ್ಸಾಗಿದೆ. ಒಂದೇ ಬಟ್ಟಲಿನ ಮದ್ದು ಹಚ್ಚಿದರೂ ಮೂರು ಕಡೆ ಮೂರು ಬಣ್ಣ ಬರುತ್ತದೆ.

ಇನ್ನೊಂದು ಮಾತು. ಹಚ್ಚಿದ ಬಣ್ಣದ ಮೇಲೆ ಇನ್ನೊಂದು ಬಣ್ಣ ಹಾಕಿ ತಿಳಿ ಮಾಡಲಿಕ್ಕೆ ಆಗುವುದಿಲ್ಲ. ಟ್ಯೂಬಿನ ಕಲರ್ ನಿಮ್ಮ ಸ್ವಂತ ಕೂದಲನ್ನು ಸ್ವಲ್ಪ ತಿಳಿ ಮಾಡಬಲ್ಲದು, ಹಚ್ಚಿದ ಕಪ್ಪನ್ನು ತೆಗೆಯಲಾರದು. ಅದಕ್ಕೆ ಬ್ಲೀಚ್ ಬೇಕು. ಬ್ಲೀಚ್ ಹಾಕಿದಾಗ ನಮ್ಮಂಥವರ ಕೂದಲು ಮೊದಲು ಕೆಂಪಾಗುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಇದು ಯಾರ ತಪ್ಪೂ ಅಲ್ಲ, ಕಪ್ಪು ಕೂದಲಿನ ಒಳಗೆ ಇರುವುದೇ ಅದು. ಕಿತ್ತಳೆಯ ಹಂತದಲ್ಲೇ ನಿಲ್ಲಿಸಿ, ಮೇಲೆ ಟೋನರ್ ಹಾಕದೆ ಮನೆಗೆ ಕಳಿಸಿದರೆ ಅದು ತಪ್ಪು. ಕಿತ್ತಳೆಯನ್ನು ನೀಲಿ ಅಡಗಿಸುತ್ತದೆ, ಹಳದಿಯನ್ನು ನೇರಳೆ ಅಡಗಿಸುತ್ತದೆ, ಟೋನರ್ ಅಂದರೆ ಅಷ್ಟೇ. ನಿಮಗೆ ಆವತ್ತು ಟೋನರ್ ಹಾಕೇ ಇಲ್ಲ ಅಂತ ನನಗೆ ಅನ್ನಿಸುತ್ತದೆ.

ಶೇಡ್ ಕಾರ್ಡ್ ನೋಡಿ ಆರಿಸಿದ್ದೂ ಸರಿಯಲ್ಲ. ಅದರಲ್ಲಿ ಇರುವುದು ಬಿಳಿ ನೈಲಾನ್ ಎಳೆಗೆ ಹಾಕಿದ ಬಣ್ಣ, ನಿಮ್ಮ ಕೂದಲು ಬಿಳಿಯಲ್ಲವಲ್ಲ.

ಒಳ್ಳೆಯ ಸುದ್ದಿ ಏನೆಂದರೆ ನೀವು ಕೇಳುತ್ತಿರುವ ಚೊಗರಿನ ಬಣ್ಣವೇ ಕೆಂಪಿನ ಕಡೆಗಿದೆ. ಕಿತ್ತಳೆಯನ್ನು ಪೂರ್ತಿ ಅಳಿಸಬೇಕಾಗಿಲ್ಲ, ಅರ್ಧ ಅಡಗಿಸಿದರೆ ಸಾಕು. ಕೂದಲ ಬಣ್ಣಕ್ಕೆ 1ರಿಂದ 10ರವರೆಗೆ ಲೆವೆಲ್ ಅಂತ ಲೆಕ್ಕ ಇದೆ, 1 ಕಡುಕಪ್ಪು, 10 ತೀರಾ ತಿಳಿ. ನಾವೆಲ್ಲ 2, 3ರ ಹತ್ತಿರ ಇರುತ್ತೇವೆ. ನಿಮಗೆ ಬೇಕಾದದ್ದು 5 ಅಥವಾ 6. 9ಕ್ಕೆ ಹೋಗುವ ಬೂದಿ ಬಣ್ಣ ಕೇಳಿದ್ದರೆ ಬೇಡವೇ ಬೇಡ ಅನ್ನುತ್ತಿದ್ದೆ.

ಆದರೆ ಆ ಕಪ್ಪು ಮೆಹಂದಿಯೇ ನನಗೆ ಭಯ. ಬರೀ ಮೆಹಂದಿ ಸೊಪ್ಪು ಕಪ್ಪು ಬಣ್ಣ ಕೊಡುವುದಿಲ್ಲ, ಕೆಂಪು ಕೊಡುತ್ತದೆ. ಕಪ್ಪು ಬರುತ್ತದೆ ಅಂದರೆ ಇಂಡಿಗೋ, ಅಂದರೆ ನೀಲಿ ಗಿಡದ ಪುಡಿ, ಸೇರಿಸಿರುತ್ತಾರೆ, ಇಲ್ಲ ಪಿಪಿಡಿ ಅನ್ನುವ ರಾಸಾಯನಿಕ, ಕೆಲವು ಪುಡಿಗಳಲ್ಲಿ ಲೋಹದ ಲವಣ. ಇಂಡಿಗೋ ಮೇಲೆ ಬ್ಲೀಚ್ ಬಿದ್ದರೆ ಹಸಿರಾಗಬಹುದು. ಲೋಹದ ಲವಣ ಇದ್ದರೆ ಬ್ಲೀಚಿಗೆ ಕಲಸುವ ಪೆರಾಕ್ಸೈಡ್ ಸೇರಿದ ಕೂಡಲೇ ಕಾವು ಏರಿ ಹೊಗೆ ಬರುತ್ತದೆ, ಕೂದಲು ಕೈಗೇ ಬರುತ್ತದೆ. ನಾನೊಮ್ಮೆ ನೋಡಿದ್ದೇನೆ. ಬ್ಲೀಚ್ ಹಚ್ಚಿದ ಎಳೆಗೆ ಸುತ್ತುವ ಅಲ್ಯೂಮಿನಿಯಂ ಹಾಳೆ, ಆ ಫಾಯಿಲ್ ಮುಟ್ಟಿದರೆ ಬೆರಳು ಸುಡುತ್ತಿತ್ತು. ಗಿರಾಕಿ "ಏನೂ ಹಚ್ಚಿಲ್ಲ" ಅಂದಿದ್ದರು. ಮೆಹಂದಿ ಲೆಕ್ಕಕ್ಕೆ ಬರುವುದಿಲ್ಲ ಅಂತ ಅವರು ತಿಳಿದಿದ್ದರು, ಪಾಪ.

ಹಾಗಾಗಿ ಇಷ್ಟು ಮಾಡಿ. ಪ್ಯಾಕೆಟ್ ಮನೆಯಲ್ಲಿ ಉಳಿದಿದ್ದರೆ ತೆಗೆದುಕೊಂಡು ಹೋಗಿ. ಕೂದಲಿನ ಪೂರ್ತಿ ಜಾತಕ ಹೇಳಿ, ನಾಚಿಕೆ ಬೇಡ. ಕುತ್ತಿಗೆಯ ಹಿಂದೆ ಒಳಗಿನಿಂದ ಒಂದು ತೆಳು ಎಳೆ ಬುಡದಿಂದ ಕತ್ತರಿಸಿ ಅದರ ಮೇಲೆ ಮೊದಲು ಮಾಡಿ ತೋರಿಸಿ ಅನ್ನಿ. ಇದಕ್ಕೆ ಸ್ಟ್ರಾಂಡ್ ಟೆಸ್ಟ್ ಅನ್ನುತ್ತಾರೆ. ಅವರು "ಅದೆಲ್ಲ ಬೇಕಾಗಲ್ಲ, ನಮಗೆ ಅಭ್ಯಾಸ ಇದೆ" ಅಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬನ್ನಿ. ದುಡ್ಡು ಹೇಳುವ ಮೊದಲು ಕೂದಲು ಮುಟ್ಟಿ ಪ್ರಶ್ನೆ ಕೇಳಿದವರು ಕೆಲಸ ಗೊತ್ತಿರುವವರು. ಮೊದಲೇ ಪ್ಯಾಕೇಜ್ ಹೇಳಿದವರು ವ್ಯಾಪಾರ ಗೊತ್ತಿರುವವರು.

ಹೋಗುವಾಗ ದಿನಾ ಹಾಕುವ ಹಾಗೇ ಜಡೆ ಹಾಕಿಕೊಂಡು, ದಿನಾ ತೆಗೆಯುವ ಕಡೆಯೇ ಬೈತಲೆ ತೆಗೆದುಕೊಂಡು ಹೋಗಿ. ಎಷ್ಟೋ ಜನ ಕೂದಲು ಬಿಟ್ಟುಕೊಂಡು ಹೋಗಿ ಹೈಲೈಟ್ಸ್ ಮಾಡಿಸುತ್ತಾರೆ, ಆಮೇಲೆ ವರ್ಷವಿಡೀ ತುರುಬು ಕಟ್ಟುತ್ತಾರೆ. ಎಲ್ಲ ಒಳಗೇ ಹೋಗಿಬಿಡುತ್ತದೆ.

ಕೊಟ್ಟೆಕಡುಬು

ಅಕ್ಕ, ಓದಿ ತಲೆ ಮುಟ್ಟಿ ನೋಡಿಕೊಂಡೆ. ಪ್ಯಾಕೆಟ್ ಸಿಕ್ಕಿತು, ಅಟ್ಟದಲ್ಲಿ ಇತ್ತು. ಸಣ್ಣ ಅಕ್ಷರದಲ್ಲಿ ಇಂಡಿಗೋ ಅಂತ ಇದೆ, ಇನ್ನೂ ಎರಡು ಹೆಸರು ಇದೆ, ಓದಲಿಕ್ಕೇ ಬರುವುದಿಲ್ಲ. 20, 30, 40 ಅಂತ ಪಾರ್ಲರಿನಲ್ಲಿ ಮಾತಾಡುತ್ತಾರಲ್ಲ, ಅದೇನು? ಬಾಲಯಾಜ್ ಅನ್ನುವುದು ಫಾಯಿಲ್‌ಗಿಂತ ಒಳ್ಳೆಯದಾ?

ಫಾಯಿಲ್_ಅಕ್ಕ

ಅದು ಡೆವಲಪರಿನ, ಅಂದರೆ ಬ್ಲೀಚ್ ಪುಡಿಗೆ ಕಲಸುವ ಪೆರಾಕ್ಸೈಡ್ ದ್ರವದ, ಖಾರ. 20 ವಾಲ್ಯೂಮ್ ಅಂದರೆ 6 ಪರ್ಸೆಂಟ್ ಪೆರಾಕ್ಸೈಡ್, 30 ಅಂದರೆ 9, 40 ಅಂದರೆ 12. ಬೇಗ ಮುಗಿಸಬೇಕು ಅನ್ನುವವರು 40 ಕಲಸುತ್ತಾರೆ. ನಿಮ್ಮ ಹಳೆಯ ಕೂದಲಿಗೆ 20ರಲ್ಲಿ ನಿಧಾನಕ್ಕೆ ಮಾಡಿ ಅನ್ನಿ. ಒಲೆಗೆ ಜಾಸ್ತಿ ಸೌದೆ ಒಡ್ಡಿದರೆ ಕಡುಬು ಬೇಗ ಬೇಯುವುದಿಲ್ಲ, ತಳದ ನೀರು ಆರುತ್ತದೆ. ನಿಮ್ಮ ಹೆಸರು ನೋಡಿ ಹೇಳಿದೆ.

ಬಾಲಯಾಜ್ ಅಂದರೆ ಫ್ರೆಂಚಿನಲ್ಲಿ ಗುಡಿಸುವುದು ಅಂತ. ಬ್ರಷ್ ಹಿಡಿದು ಕೂದಲ ಮೇಲೆ ಗೆರೆ ಎಳೆದ ಹಾಗೆ ಹಚ್ಚುತ್ತಾರೆ, ಬುಡದಲ್ಲಿ ಕಪ್ಪು ಹಾಗೇ ಇರುತ್ತದೆ, ಬೆಳೆದರೂ ಗೆರೆ ಕಾಣುವುದಿಲ್ಲ. ಆದರೆ ಗಾಳಿಗೆ ಬಿಟ್ಟ ಬ್ಲೀಚ್ ಬೇಗ ಒಣಗುತ್ತದೆ, ಒಣಗಿದರೆ ಕೆಲಸ ನಿಂತಿತು. ಫಾಯಿಲ್ ಒಳಗೆ ಹಸಿಯಾಗಿರುತ್ತದೆ, ಕಾವೂ ಇರುತ್ತದೆ, ಅದಕ್ಕೇ ಕಡುಕಪ್ಪು ಕೂದಲಿಗೆ ಫಾಯಿಲಿನಲ್ಲಿ ಚೆನ್ನಾಗಿ ತಿಳಿಯಾಗುತ್ತದೆ. ಬುಡಕ್ಕೆ ಮಾತ್ರ ಕೊನೆಗೆ ಹಚ್ಚಬೇಕು. ನೆತ್ತಿಯ ಕಾವು ತಗಲುವ ಜಾಗ ಬೇಗ ತಿಳಿಯಾಗುತ್ತದೆ, ಮೊದಲು ಹಚ್ಚಿದರೆ ಬುಡ ಹೊಳೆಯುತ್ತದೆ, ಕೆಳಗೆ ಕಪ್ಪು ಕಪ್ಪು.

ಮತ್ತಿಸೊಪ್ಪು_ಮಾವ

ಯಾಕ್ರಮ್ಮ ಬೇಕು ಇದೆಲ್ಲ? ನಮ್ಮ ಅಮ್ಮ ಎಂಬತ್ತು ವರ್ಷಕ್ಕೂ ಮತ್ತಿಸೊಪ್ಪು, ದಾಸವಾಳದ ಸೊಪ್ಪು ಕಿವುಚಿ ತಲೆಗೆ ಹಾಕಿ ಮೀಯುತ್ತಿದ್ದರು. ಕೂದಲು ರೇಷ್ಮೆ.

ಕೊಟ್ಟೆಕಡುಬು

ಮಾವ, ರೇಷ್ಮೆ ನನ್ನದೂ ಇದೆ. ಬಣ್ಣ ಕೇಳಿದ್ದು.

ಅಡಿಕೆಸಿಪ್ಪೆ

ಗಂಡಸರು ಇಲ್ಲಿ ಬರೆಯಬಹುದಾ? ಬರೆಯುತ್ತೇನೆ, ಯಾಕೆಂದರೆ ಆ ಪಿಪಿಡಿ ಅನ್ನುವ ಹೆಸರು ನನಗೆ ಸರಿಯಾಗಿ ಪರಿಚಯ ಇದೆ.

ಮೀಸೆಗೂ ತಲೆಗೂ ಡೈ ಹಚ್ಚುತ್ತಿದ್ದೆ. ಏಳು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ಸಲ ಕಿವಿಯ ಹಿಂದೆ ತುರಿಕೆ. ಸೊಳ್ಳೆ ಇರಬೇಕು ಅಂದುಕೊಂಡೆ, ತೋಟದಲ್ಲಿ ಓಡಾಡುವವನು. ಮುಂದಿನ ಸಲ ಹಣೆ ಪೂರ್ತಿ ಕೆಂಪಾಯಿತು. ಅದರ ಮುಂದಿನ ಸಲ ರಾತ್ರಿ ಹಚ್ಚಿ ಮಲಗಿದವನು ಬೆಳಿಗ್ಗೆ ಎದ್ದರೆ ಕಣ್ಣು ತೆರೆಯಲಿಕ್ಕೆ ಆಗುತ್ತಿಲ್ಲ, ಮುಖ ಹಲಸಿನಕಾಯಿ ಆಗಿದೆ. ಹೆಂಡತಿ ಹೆದರಿ ಶಿವಮೊಗ್ಗಕ್ಕೆ ಕರೆದುಕೊಂಡು ಬಂದಳು. ಚರ್ಮದ ಡಾಕ್ಟರ್ ಹೇಳಿದ್ದು ಏನೆಂದರೆ ಈ ಅಲರ್ಜಿ ಮೊದಲ ಸಲವೇ ಬರಬೇಕು ಅಂತೇನಿಲ್ಲ, ವರ್ಷಗಟ್ಟಲೆ ಹಚ್ಚಿದವರಿಗೆ ಒಂದು ದಿನ ಶುರುವಾಗಬಹುದು, ಶುರುವಾದಮೇಲೆ ಹೋಗುವುದಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಕಿವಿಯ ಹಿಂದೆ ಅಥವಾ ಮೊಣಕೈ ಒಳಗೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಿರಿ. ಪ್ರತಿ ಸಲವೂ. ಸಲೂನಿನಲ್ಲಿ ಮಾಡುವುದಿಲ್ಲ ಅಂದರೆ ಎರಡು ದಿನ ಮುಂಚೆ ಹೋಗಿ ಚೂರು ಹಚ್ಚಿಸಿಕೊಂಡು ಬನ್ನಿ. "ಅಮೋನಿಯಾ ಇಲ್ಲ" ಅಂತ ಡಬ್ಬದ ಮೇಲೆ ಬರೆದಿದ್ದರೆ ಪಿಪಿಡಿ ಇಲ್ಲ ಅಂತ ಅರ್ಥ ಅಲ್ಲ. ಅಮೋನಿಯಾ ಮೂಗಿಗೆ ಹೊಡೆಯುವುದು, ಇದು ಚರ್ಮಕ್ಕೆ ಹೊಡೆಯುವುದು. ನಾನು ಈಗ ಬಿಳಿ ಮೀಸೆ. ಮೊಮ್ಮಗಳಿಗೆ ಇಷ್ಟ.

ಫಾಯಿಲ್_ಅಕ್ಕ

ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಮೊದಲೇ ಬರೆಯಬೇಕಿತ್ತು. ಬ್ಲೀಚಿನಲ್ಲಿ ಪಿಪಿಡಿ ಇರುವುದಿಲ್ಲ, ಆದರೆ ಮೇಲೆ ಹಾಕುವ ಕಲರಿನಲ್ಲಿ ಅದೋ ಅದರ ನೆಂಟರೋ ಇರುತ್ತಾರೆ, ಕೆಲವು ಟೋನರಿನಲ್ಲೂ. ಕೊಟ್ಟೆಕಡುಬು, ನಿಮಗೆ ಮೆಹಂದಿ ಪ್ಯಾಕೆಟ್ ಹಚ್ಚಿದಾಗ ಯಾವಾಗಾದರೂ ತುರಿಕೆ ಬಂದಿದ್ದರೆ ಅದನ್ನೂ ಹೇಳಿ.

ಸಾಗರದ_ಹುಡುಗಿ

ಬಣ್ಣ ಹಾಕಿಸುವ ಬಗ್ಗೆ ಎಲ್ಲರೂ ಹೇಳಿದಿರಿ, ಉಳಿಸಿಕೊಳ್ಳುವ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಮನೆ ಸಾಗರದಿಂದ ಒಳಗೆ, ಹೊಸ ಬೋರ್ ತೆಗೆಸಿದ್ದೇವೆ. ನೀರು ಹಿಡಿದಾಗ ತಿಳಿಯಾಗೇ ಇರುತ್ತದೆ, ಒಂದು ರಾತ್ರಿ ಬಿಟ್ಟರೆ ಬಕೆಟ್ ತಳದಲ್ಲಿ ಕೆಂಪು ಕೆಸರು. ಬಚ್ಚಲ ಗೋಡೆಯ ಬಿಳಿ ಟೈಲ್ಸ್ ಈಗ ಕಾವಿ ಬಣ್ಣ. ಅದೇ ನೀರಿನಲ್ಲಿ ತಲೆಗೆ ಸ್ನಾನ. ಚೆಂದದ ತಿಳಿ ಕಂದು ಹಾಕಿಸಿಕೊಂಡು ಬಂದೆ, ಮೂರನೇ ವಾರಕ್ಕೆ ತುಕ್ಕು ಹಿಡಿದ ಗೇಟಿನ ಹಾಗೆ ಆಯಿತು. ಸಲೂನಿಗೆ ಹೋಗಿ ಜಗಳ ಆಡಿದೆ, ನಿಜ ಹೇಳಬೇಕಲ್ವಾ. ಅಲ್ಲಿಯ ಹುಡುಗಿ ಕೇಳಿದಳು, "ಅಕ್ಕ, ನಿಮ್ಮ ಮನೆಯಲ್ಲಿ ಬಿಳಿ ಬಟ್ಟೆ ಹಳದಿ ಆಗುತ್ತಾ?" ನನಗೆ ಮಾತೇ ಬರಲಿಲ್ಲ.

ಕೀಲೇಟಿಂಗ್ ಶಾಂಪೂ ಅಂತ ಇದೆ, ಕೂದಲಿಗೆ ಅಂಟಿದ ಲೋಹವನ್ನು ಎಳೆದು ತೆಗೆಯುತ್ತದೆ. ಬೋರ್ ನೀರಿನವರು ಬ್ಲೀಚ್ ಮಾಡಿಸುವ ಮೊದಲೂ ಅದರಲ್ಲಿ ತೊಳೆಸಿಕೊಳ್ಳಬೇಕಂತೆ, ಕಬ್ಬಿಣ ಇದ್ದರೆ ಪೆರಾಕ್ಸೈಡ್ ಕೆರಳುತ್ತದೆ. ಈಗ ನಾನು ತಿಂಗಳಿಗೆ ಒಂದು ಸಲ ಅದು, ಹದಿನೈದು ದಿನಕ್ಕೆ ಒಂದು ಸಲ ನೀಲಿ ಶಾಂಪೂ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದು ತಲೆಗೆ ಹಾಕುತ್ತೇನೆ, ಮೊದಲ ಎರಡು ಮಳೆ ಬಿಟ್ಟು. ಅದರಷ್ಟು ಮೆದು ನೀರು ಇನ್ನೊಂದಿಲ್ಲ. ಹಂಡೆಯ ಕೊತ ಕೊತ ನೀರು ಮಾತ್ರ ಮೈಗೆ ಸಾಕು, ತಲೆಗೆ ಬೇಡ, ಬಣ್ಣ ಹಾಗೇ ಇಳಿದು ಹೋಗುತ್ತದೆ. ಬಣ್ಣ ಹಾಕಿಸಿದ ಮೇಲೆ ಎರಡು ಮೂರು ದಿನ ತಲೆಗೆ ನೀರೇ ಬೇಡ.

ಗಾಂಧಿಬಜಾರ್_ಗಿರಾಕಿ

ಬೆಂಗಳೂರು ಅಂದಿದ್ದಕ್ಕೆ ಎಲ್ಲರೂ ಸೇರಿ ನನ್ನನ್ನು ಬಚ್ಚಲಿಗೆ ನೂಕಿದಿರಿ. ಇರಲಿ. ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ಸೊಂಟದ ಕೂದಲಿಗೆ ಪೂರ್ತಿ ಹೈಲೈಟ್ಸ್ ಅಂದರೆ ಸಾವಿರಗಟ್ಟಲೆ ಆಗುತ್ತದೆ. ಫಾಯಿಲ್ ಲೆಕ್ಕವೋ, ಉದ್ದದ ಲೆಕ್ಕವೋ, ಟೋನರ್ ಸೇರಿಯೋ ಬೇರೆಯೋ ಅಂತ ಮೊದಲೇ ಕೇಳಿ. ನನ್ನ ಹೆಂಡತಿಗೆ ಒಂದು ಕಡೆ ಟೋನರಿಗೆ ಬೇರೆ, ಕೊನೆಯ ಹೇರ್ ವಾಶ್‌ಗೆ ಬೇರೆ ಬಿಲ್ ಹಾಕಿದ್ದರು. ತಲೆ ತೊಳೆಯದೆ ಬ್ಲೀಚ್ ಜೊತೆ ಮನೆಗೆ ಕಳಿಸುತ್ತಿದ್ದರೇನೋ. ಮತ್ತೆ ಬಿಲ್ಲಿನಲ್ಲಿ ಜಿಎಸ್‌ಟಿ ನೋಡಿ, 2025ರ ಸೆಪ್ಟೆಂಬರ್ 22ರಿಂದ ಸಲೂನಿಗೆ 18 ಅಲ್ಲ, 5 ಪರ್ಸೆಂಟ್.

ಕೊಟ್ಟೆಕಡುಬು

ಮದುವೆ ಮುಗಿಯಿತು. ಏನಾಯಿತು ಅಂತ ಹೇಳದೆ ಹೋದರೆ ಸರಿಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಹೋದ ದಿನ ಮಂಗಳವಾರ, ಬಾಗಿಲು ಹಾಕಿತ್ತು. ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಹೋಗಿ ನೆಹರು ರಸ್ತೆಯಲ್ಲಿ ಒಂದು ಸೀರೆ ತೆಗೆದುಕೊಂಡು ವಾಪಸ್ ಬಂದೆ. ಮುಂದಿನ ವಾರ ಎರಡು ಸಲೂನ್ ನೋಡಿದೆ. ಒಂದರಲ್ಲಿ ಕನ್ನಡಿಯ ಮುಂದೆ ಕೂರುವ ಮೊದಲೇ "ಒಂದೂವರೆ ಗಂಟೆ ಮೇಡಂ, ಆಫರ್ ಇದೆ" ಅಂದರು. ಫಾಯಿಲ್ ಅಕ್ಕನ ಮಾತು ನೆನಪಾಯಿತು, ಚಪ್ಪಲಿ ಮೆಟ್ಟಿಕೊಂಡೆ.

ಇನ್ನೊಂದರಲ್ಲಿ ಒಬ್ಬಳು ಹುಡುಗಿ ಇದ್ದಳು, ನನಗಿಂತ ಚಿಕ್ಕವಳು. ಜಡೆ ಬಿಚ್ಚಿದಳು, ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಬೆಳಕಿಗೆ ಕೂದಲು ಹಿಡಿದಳು, ನಾನು ಹೇಳುವ ಮೊದಲೇ "ಮೆಹಂದಿ ಹಚ್ಚಿದ್ದೀರಾ?" ಅಂದಳು. ಪ್ಯಾಕೆಟ್ ಕೊಟ್ಟೆ. ಓದಿ ನಕ್ಕಳು. ಕುತ್ತಿಗೆಯ ಹಿಂದೆ ಒಂದು ಎಳೆ ಕತ್ತರಿಸಿ ಬುಡಕ್ಕೆ ದಾರ ಕಟ್ಟಿ, ಬ್ಲೀಚ್ ಹಚ್ಚಿ ಫಾಯಿಲ್ ಸುತ್ತಿದಳು, ಐದು ನಿಮಿಷಕ್ಕೊಂದು ಸಲ ಬಿಚ್ಚಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಹೊಗೆ ಬರಲಿಲ್ಲ. ನಲವತ್ತು ನಿಮಿಷ ಆದಮೇಲೆ ತೊಳೆದು ಟವೆಲ್ ಮೇಲೆ ಉದ್ದಕ್ಕೆ ಇಟ್ಟಳು. ಅಕ್ಕ ಹೇಳಿದ ಮೂರು ಕೂದಲು ಕಣ್ಣಿಗೇ ಕಂಡಿತು! ಬುಡ ತಾಮ್ರ, ನಡುವೆ ಕೆಂಪು ಕಂದು, ಕೆಳಗೆ ಪಾಚಿ ಹಸಿರು. ಕೆಳಗಿನ ತುಂಡನ್ನು ಒದ್ದೆಯಲ್ಲೇ ಎಳೆದು ತೋರಿಸಿದಳು, ರಬ್ಬರಿನ ಹಾಗೆ ಎಳೆದು ಬಂದು ತಟ್ಟನೆ ತುಂಡಾಯಿತು. "ಇದನ್ನು ನಾನು ಮುಟ್ಟಲ್ಲ ಅಕ್ಕ" ಅಂದಳು.

ಆಮೇಲೆ ಅವಳೇ ಒಂದು ದಾರಿ ಹೇಳಿದಳು. ಮುಂದಿನ ಎರಡು ಕಡೆ ಮಾತ್ರ ಕೂದಲನ್ನು ಹೆಗಲ ಮೂಳೆಯವರೆಗೆ ಲೇಯರ್ ಕತ್ತರಿಸುವುದು. ಆಗ ಅಲ್ಲಿ ಹಳೆಯ ಬ್ಲೀಚಿನ ಕೂದಲೇ ಇರುವುದಿಲ್ಲ. ಆ ಲೇಯರಿಗೆ ಮಾತ್ರ ತೆಳು ಎಳೆಗಳ ಫಾಯಿಲ್. ಹಿಂದಿನ ಜಡೆಗೆ ಕೈ ಹಚ್ಚುವುದಿಲ್ಲ, ತುದಿ ನಾಲ್ಕು ಬೆರಳು ಕತ್ತರಿಸುವುದು ಅಷ್ಟೇ. ಕಿವಿಯ ಹಿಂದೆ ಟೋನರ್ ಚೂರು ಹಚ್ಚಿ ಕಳಿಸಿದಳು. ಮೂರು ದಿನ ಬಿಟ್ಟು ಹೋದೆ, ತುರಿಕೆ ಇರಲಿಲ್ಲ. ಒಟ್ಟು ಹದಿನಾಲ್ಕು ಫಾಯಿಲ್, 20 ವಾಲ್ಯೂಮ್, ಎಲ್ಲ ಸೇರಿ ಮೂರೂವರೆ ಗಂಟೆ. ಟೋನರ್, ವಾಶ್ ಸೇರಿ 3,800 ರೂಪಾಯಿ ಕೊಟ್ಟೆ. ಪೂರ್ತಿ ತಲೆಗೆ ಹೇಳಿದ್ದರೆ ಅವಳಿಗೂ ಜಾಸ್ತಿ ದುಡ್ಡು ಸಿಗುತ್ತಿತ್ತು, ಹೇಳಲಿಲ್ಲ.

ಬಣ್ಣ ಕೇಳಿದರೆ ಚೊಗರೇ. ನೆರಳಿನಲ್ಲಿ ಏನೂ ಕಾಣುವುದಿಲ್ಲ. ಮದುವೆ ದಿನ ಜಾಜಿ ದಂಡೆ ಮುಡಿದು ಚಪ್ಪರದ ಹೊರಗೆ ಬಿಸಿಲಿಗೆ ಬಂದಾಗ ಕಂಡಿದೆಯಂತೆ, ಮೂರು ಜನ ಕೇಳಿದರು.

ಅಜ್ಜಿ ನಾಲ್ಕನೆಯವರು. ಊಟದ ಪಂಕ್ತಿಯಲ್ಲಿ ನಾನು ಪಾಯಸ ಬಡಿಸುತ್ತಾ ಬಗ್ಗಿದಾಗ ಕಿವಿಯ ಹತ್ತಿರದ ಎಳೆ ಹಿಡಿದು ನೋಡಿದರು. "ತಲೆಗೆ ಎಣ್ಣೆ ಕಾಣಿಸದೆ ಎಷ್ಟು ದಿನ ಆಯ್ತೇ? ಕೂದಲು ಕೆಂಪಗಾಗಿದೆ ನೋಡು" ಅಂದರು. ರಾತ್ರಿ ಅಷ್ಟು ಸುಸ್ತಿನಲ್ಲೂ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು ಕೂರಿಸಿಕೊಂಡರು. ನಾನು ಸುಮ್ಮನೆ ಕೂತೆ.